ಮಿಂಚಿನ ಕಾಲಿಗೆ ಜೋಮು

ಆ ದಿನದ ರಗಳೆಗೆಲ್ಲ ಕಾರಣ ಒಂದು ಎಡಗಾಲು. ಅದು ಯಾರನ್ನೂ ಒದೆಯಲಿಲ್ಲ, ಎಲ್ಲಿಯೂ ಎಡವಲಿಲ್ಲ. ಸುಮ್ಮನೆ ಜೋಮು ಹಿಡಿಯಿತು, ಅಷ್ಟೇ.

ಕಾಲಿನ ಒಡೆಯ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಅರೆಯುವವನು. ಹಗಲೆಲ್ಲ ಯಂತ್ರದ ಮುಂದೆ ಕೂತು ಗಾಜಿನ ಅಂಚು ಉಜ್ಜುವುದು, ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಆಟ ಆಡುವುದು. ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ಹೋಗುವ ದಾರಿಯೊಂದೇ ಅವನ ವ್ಯಾಯಾಮ. ಅದನ್ನೂ ಸ್ಕೂಟರಿನ ಮೇಲೆ ಕೂತೇ ಮುಗಿಸುತ್ತಿದ್ದ.

ಆಟದೊಳಗೆ ಮಾತ್ರ ಅವನೇ ಬೇರೆ. ಅಲ್ಲಿ ಅವನ ಹೆಸರು ಮಿಂಚು. ಮಹಡಿಯಿಂದ ಮಹಡಿಗೆ ಹಾರಿ, ಗೋಡೆ ಏರಿ, ಎದುರಾಳಿಯ ಬಾವುಟ ಕಿತ್ತುಕೊಂಡು ತನ್ನ ಕೋಟೆಗೆ ಓಡಿಬರಬೇಕಾದ ಆ ಆಟದಲ್ಲಿ ಮಿಂಚು ಬಂದನೆಂದರೆ ಎದುರಿನವರು ಬಾವುಟವನ್ನು ತಬ್ಬಿಕೊಂಡು ನಿಲ್ಲುತ್ತಿದ್ದರು. ಅದೇ ಮಿಂಚು ತನ್ನ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಂತು, ಗೋಡೆಯ ಬಣ್ಣ ಪರೀಕ್ಷಿಸುವವನಂತೆ ನಟಿಸಿ, ಉಸಿರು ಸರಿ ಮಾಡಿಕೊಳ್ಳುತ್ತಿದ್ದ.

ಅವತ್ತು ಸಂಜೆ ಫೈನಲ್. ಗೆದ್ದವನಿಗೆ ಬಹುಮಾನ ಒಂದು ಕಪ್ಪು. ಕಪ್ಪಿಗಿಂತ ದೊಡ್ಡ ಸಂಗತಿ ಬೇರೆ ಇತ್ತು. ಹೆಸರಾಂತ ತಂಡವೊಂದರ ವ್ಯವಸ್ಥಾಪಕಿ ಪಂದ್ಯ ನೋಡಲು ಬರುವವಳಿದ್ದಳು. ಫೈನಲ್ ಆಡುವ ಇಬ್ಬರಲ್ಲಿ ಒಬ್ಬನನ್ನು ತಂಡಕ್ಕೆ ತೆಗೆದುಕೊಳ್ಳುತ್ತಾಳಂತೆ. ತಿಂಗಳ ಸಂಬಳ, ಊರೂರು ತಿರುಗಾಟ, ಕೆಲಸವೆಂದರೆ ಆಟ. ಮಿಂಚಿಗೆ ಮೂವತ್ತು ದಾಟಿತ್ತು. ಈ ಆಟದಲ್ಲಿ ಅದು ಅಜ್ಜನ ವಯಸ್ಸು. ಈ ಸಲ ತಪ್ಪಿದರೆ ಸಾಯುವ ತನಕ ಗಾಜು ಅರೆಯುವುದೇ ಗತಿ.

ಬೆಳಗ್ಗೆ ಎದ್ದವನೇ ಅಭ್ಯಾಸಕ್ಕೆ ಕೂತ. ಎದುರಿಗೆ ಸಿಕ್ಕವನು ಸಂಜೆಯ ಎದುರಾಳಿಯೇ. ಆಟದಲ್ಲಿ ಅವನ ಹೆಸರು ಗೂಬೆ. ಯಾರೂ ಮುಖ ಕಂಡವರಿಲ್ಲ. ಯಾವ ಹೊತ್ತಿಗೆ ನೋಡಿದರೂ ಆಡುತ್ತಿರುತ್ತಾನೆ ಎಂಬುದಷ್ಟೇ ಗೊತ್ತು.

ಆಟ ಬಿಗಿಯಾಗಿ ನಡೆದಿತ್ತು. ಇನ್ನೇನು ಬಾವುಟಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಮೇಜಿನ ಕೆಳಗೆ ಮಡಚಿಟ್ಟಿದ್ದ ಎಡಗಾಲಿನಲ್ಲಿ ಸಾವಿರ ಇರುವೆ ಮೆರವಣಿಗೆ ಹೊರಟಂತಾಯಿತು. ಮಿಂಚು ಕಾಲು ಅಲ್ಲಾಡಿಸಿದ. ಮೊಣಕಾಲು ಮೇಜಿಗೆ ಬಡಿಯಿತು. ಮೌಸ್ ಜಾರಿತು. ಪರದೆಯ ಮೇಲಿನ ಮಿಂಚು ಮಹಡಿಯ ಅಂಚು ತಪ್ಪಿ ಪಾತಾಳಕ್ಕೆ ಹೋದ. ಗೂಬೆ ಒಂದು ಸಾಲು ಬರೆದು ಕಳಿಸಿದ: "ಅಜ್ಜಾ, ಸಂಜೆ ಕೋಲು ಹಿಡ್ಕೊಂಡು ಬಾ."

ಸಿಟ್ಟಿನಿಂದ ಎದ್ದ ಮಿಂಚಿಗೆ ಒಂದು ಕಾಲು ಇಲ್ಲವೆಂಬುದು ನೆನಪಿರಲಿಲ್ಲ. ಅಕ್ಕಿ ಮೂಟೆಯನ್ನು ಲಾರಿಯಿಂದ ಒಗೆದಂತೆ ಧಪ್ ಎಂದು ನೆಲಕ್ಕೆ ಬಿದ್ದ.

ಕೆಳಗಿನ ಮನೆಯಲ್ಲಿ ಡ್ರಿಲ್ ಮೇಷ್ಟ್ರು ಇದ್ದರು. ಶಾಲೆಯಿಂದ ನಿವೃತ್ತರಾದ ಮೇಲೂ ಕುತ್ತಿಗೆಯ ಸೀಟಿ ತೆಗೆದಿರಲಿಲ್ಲ. ಊದಲು ಮಕ್ಕಳಿಲ್ಲದೆ ಆ ಸೀಟಿ ಎದೆಯ ಮೇಲೆ ಸುಮ್ಮನೆ ತೂಗಾಡುತ್ತಿತ್ತು. ಪೇಪರು ಓದುತ್ತಿದ್ದವರ ತಲೆಯ ಮೇಲೆ ಸೂರಿನಿಂದ ಸುಣ್ಣ ಉದುರಿತು. ತಲೆ ಕೊಡವಿಕೊಳ್ಳುತ್ತ ಮೇಲೆ ಬಂದರು.

"ಏನಯ್ಯಾ ಇದು? ಬೀರು ಬಿತ್ತಾ?"

"ನಾನೇ ಬಿದ್ದೆ ಮೇಷ್ಟ್ರೇ. ಕಾಲು ಜೋಮು ಹಿಡೀತು."

"ಜೋಮು ಹಿಡಿಯೋ ಹಾಗೆ ಏನು ಮಾಡ್ತಿದ್ದೆ?"

"ಏನೂ ಮಾಡ್ತಿರ್ಲಿಲ್ಲ, ಕೂತಿದ್ದೆ. ಸಂಜೆ ಫೈನಲ್ ಇದೆ. ಅಭ್ಯಾಸ."

ಮೇಷ್ಟ್ರ ಕಣ್ಣು ಹೊಳೆಯಿತು. ಫೈನಲ್ ಎಂಬ ಮಾತು ಅವರ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. "ಫೈನಲ್ ಇಟ್ಕೊಂಡು ದೇಹ ಹೀಗಿಟ್ಟಿದ್ದೀಯಾ?"

"ಇದು ಬೆರಳಿನ ಆಟ ಮೇಷ್ಟ್ರೇ. ದೇಹಕ್ಕೇನು ಕೆಲಸ ಇಲ್ಲ."

ಮೇಷ್ಟ್ರು ಕೆಳಗೆ ಹೋಗಿ ಉದ್ದನೆಯ ಮರದ ಅಳತೆಪಟ್ಟಿ ತಂದರು. ಮಿಂಚಿನ ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ತೂಗುಬಿಟ್ಟು ಹಿಡಿದರು. "ನಾನು ಬಿಡ್ತೀನಿ, ನೀನು ಹಿಡಿ. ಎಷ್ಟು ಬೇಗ ಹಿಡೀತೀಯೋ ಅಷ್ಟು ಚುರುಕು."

ಬಿಟ್ಟರು. ಪಟ್ಟಿ ನೆಲಕ್ಕೆ ಬಿದ್ದು ಟಪ್ ಎಂದಿತು. ಮಿಂಚಿನ ಬೆರಳು ಆಮೇಲೆ ಗಾಳಿಯನ್ನು ಹಿಡಿದವು.

"ಗಮನ ಇರ್ಲಿಲ್ಲ," ಎಂದ ಮಿಂಚು. ಮತ್ತೆ ಬಿಟ್ಟರು. ಮತ್ತೆ ಟಪ್.

"ಈಗ ಮುಖಕ್ಕೆ ನೀರು ಹಾಕ್ಕೊ. ಮೆಟ್ಟಿಲಿಳಿದು ಹತ್ತಿ ಬಾ. ಕೈ ಕೊಡವು. ಆಮೇಲೆ ನೋಡೋಣ."

ಮಿಂಚು ಗೊಣಗುತ್ತಲೇ ಇಳಿದ, ಗೋಡೆಯ ಬಣ್ಣ ನೋಡುತ್ತ ಹತ್ತಿದ. ಈ ಸಲ ಮೇಷ್ಟ್ರು ಬಿಟ್ಟ ಪಟ್ಟಿ ನಡುದಾರಿಯಲ್ಲೇ ಬೆರಳಿಗೆ ಸಿಕ್ಕಿಬಿತ್ತು. ಮಿಂಚು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದ. ಬೆರಳು ಮಾತ್ರ ತನ್ನವು, ಉಳಿದ ದೇಹ ಬೆರಳುಗಳನ್ನು ಹೊತ್ತು ತಿರುಗುವ ಗಾಡಿ ಎಂದು ತಿಳಿದಿದ್ದವನಿಗೆ, ಗಾಡಿ ಕೆಟ್ಟರೆ ಬೆರಳೂ ಕೆಡುತ್ತವೆ ಎಂಬುದು ಹೊಸ ಸುದ್ದಿ.

"ಇನ್ನೊಂದ್ಸಲ ಬಿಡಿ ಮೇಷ್ಟ್ರೇ," ಎಂದ. ಮಕ್ಕಳಿಗೆ ಹೊಸ ಆಟಿಕೆ ಸಿಕ್ಕಾಗ ಬರುವ ದನಿ ಅವನ ಗಂಟಲಿಗೆ ಬಂದಿತ್ತು. "ಮೊಣಕಾಲು ಎತ್ತಿ ಕುಣಿದ್ರೆ ಇನ್ನೂ ಬೇಗ ಸಿಗುತ್ತಾ?"

ಕೇಳಬಾರದ ಪ್ರಶ್ನೆ ಕೇಳಬಾರದವರ ಬಳಿ ಕೇಳಿಬಿಟ್ಟಿದ್ದ. ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟರು.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸು, ಅಂದರೆ ಮಿಂಚಿನ ಹೆಂಡತಿ, ಬಾಗಿಲಲ್ಲೇ ನಿಂತುಬಿಟ್ಟಳು. ನಡುಮನೆಯಲ್ಲಿ ಗಂಡ ಕೆಂಪಗೆ ಬೆಂದ ಮುಖ ಹೊತ್ತು ಬಸ್ಕಿ ಹೊಡೆಯುತ್ತಿದ್ದ. ಪಕ್ಕದಲ್ಲಿ ಮೇಷ್ಟ್ರು ಸೀಟಿ ಊದುತ್ತಿದ್ದರು. ಚೀಲ ಕೆಳಗೆ ಹಾಕಿ ಓಡಿಬಂದು ಗಂಡನ ಮಣಿಕಟ್ಟು ಹಿಡಿದಳು.

"ರೀ, ಏನಾಯ್ತು? ಎದೆ ನೋವಾ? ಯಾರು ಮಾಡ್ಸಿದ್ದು ಇದನ್ನ?"

"ನಾನೇ ಮಾಡ್ತಿದ್ದೀನಿ," ಎಂದ ಮಿಂಚು ಏದುಸಿರಿನಲ್ಲೇ. "ಮರದ ಪಟ್ಟಿ ಬೀಳುತ್ತಲ್ಲ, ಅದನ್ನ ಹಿಡಿಯೋಕೆ. ಗೊತ್ತಾ, ಕಾಲಿಗೂ ಬೆರಳಿಗೂ ಸಂಬಂಧ ಇದೆ!"

ವಿಷಯ ತಿಳಿದಾಗ ಅವಳು ನಕ್ಕಳೋ ಅತ್ತಳೋ ಹೇಳುವುದು ಕಷ್ಟ. "ಮದುವೆ ಆದಾಗಿಂದ ಬಾಯಿ ನೋಯಿಸ್ಕೊಂಡೆ. ನೀರು ಕುಡೀರಿ, ಎದ್ದು ಓಡಾಡಿ, ಹೊತ್ತಿಗೆ ಸರಿಯಾಗಿ ಮಲಗಿ ಅಂತ. ನಾನು ಹೇಳಿದ್ದು ಗೋಡೆಗೆ ಹೇಳಿದ ಹಾಗಾಯ್ತು. ಇವರು ಒಂದು ಪಟ್ಟಿ ಬೀಳಿಸಿದ ಕೂಡ್ಲೇ ಜ್ಞಾನೋದಯನಾ?"

"ನೀನು ಪಟ್ಟಿ ಬೀಳಿಸಿ ತೋರಿಸ್ಲಿಲ್ಲ," ಎಂದ ಮಿಂಚು.

ಅವಳು ಚೀಲ ಎತ್ತಿ ಮೂಲೆಗಿಟ್ಟಳು. ಒಳಗೊಳಗೆ ಅವಳಿಗೂ ಆಸೆಯಿತ್ತು. ತಂಡಕ್ಕೆ ಸೇರಿದರೆ ಮೊದಲು ನಿನ್ನ ರಾತ್ರಿ ಪಾಳಿ ಬಿಡಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಅವನು ಕೊಟ್ಟ ಮಾತುಗಳಲ್ಲಿ ಅವಳು ನಂಬಿದ್ದು ಅದೊಂದೇ. ಹಾಗಾಗಿ ನಿದ್ದೆಯನ್ನು ಬದಿಗಿಟ್ಟು ಸೆರಗು ಕಟ್ಟಿ ನಿಂತಳು.

"ಇವತ್ತು ಕಾಫಿ ಇಲ್ಲ."

"ಕಾಫಿ ಇಲ್ದೆ ನನ್ನ ಬೆರಳು ಏಳೋದೇ ಇಲ್ಲ ಕಣೇ!"

"ಅದಕ್ಕೇ ಪಂದ್ಯದ ನಡುವೆ ಕೈ ನಡುಗೋದು. ನೋಡಿದ್ದೀನಿ ನಾನು. ನೀರು ಕುಡೀರಿ." ಹಿತ್ತಾಳೆಯ ದೊಡ್ಡ ಚೊಂಬು ತುಂಬಿಸಿ ಕೈಗಿಟ್ಟಳು. ಅದು ಖಾಲಿಯಾದ ಮೇಲೆ ಇನ್ನೊಂದು. ಸ್ಕೂಟರಿನ ಕೀಲಿ ಮೇಷ್ಟ್ರ ಜೇಬಿಗೆ ಹೋಯಿತು. ಮಿಂಚು ಜೀವಮಾನದಲ್ಲಿ ಮೊದಲ ಸಲ ನಡೆದು ಅಂಗಡಿಗೆ ಹೊರಟ. ಪಕ್ಕದಲ್ಲಿ ಮೇಷ್ಟ್ರು, ಎಡ ಬಲ ಎಡ ಬಲ ಎನ್ನುತ್ತ. ಹೊಟ್ಟೆಯಲ್ಲಿ ನೀರು, ಪ್ರತಿ ಹೆಜ್ಜೆಗೂ ಅರ್ಧ ತುಂಬಿದ ಕೊಡದಂತೆ ಗುಳುಗುಳು ಎನ್ನುತ್ತ.

ಅಂಗಡಿ ತಲುಪುವಷ್ಟರಲ್ಲಿ ಕಾಫಿ ಸಿಗದ ತಲೆ ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆಯತೊಡಗಿತ್ತು. ಆದರೂ ಮಿಂಚು ಬೆಂಚಿನ ಮೇಲೆ ಕೂತವನೇ ಅಳತೆಪಟ್ಟಿಯನ್ನು ಹೊರತೆಗೆದ. ಅದನ್ನು ಬೀಳಿಸಲು ಇನ್ನೊಬ್ಬರು ಬೇಕು. ಅಕ್ಷರಕ್ಕನನ್ನು ಕರೆದ.

ಅಕ್ಷರಕ್ಕ ಎಂದರೆ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವಾಕೆ. ದಿನವಿಡೀ ಗಿರಾಕಿಗಳಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದುದರಿಂದ ಆ ಹೆಸರು. ಪಟ್ಟಿಯನ್ನು ಬೀಳಿಸಿ ಬೀಳಿಸಿ ನೋಡಿದ ಆಕೆಗೂ ಕುತೂಹಲ ಹತ್ತಿಕೊಂಡಿತು.

"ಎಲ್ಲಿ, ಆಡೋವಾಗ ಹೇಗೆ ನೋಡ್ತೀಯ ತೋರ್ಸು," ಎಂದು ಅವನ ಮೊಬೈಲಿನಲ್ಲಿ ಆಟ ಹಾಕಿಸಿ, ಎದುರಿಗೆ ಕೂತು ಅವನ ಕಣ್ಣುಗಳನ್ನೇ ದಿಟ್ಟಿಸಿದಳು. ಬಹಳ ಹೊತ್ತು ನೋಡಿ, "ನೀನು ಮನುಷ್ಯನೋ ಮೀನೋ?" ಎಂದಳು.

"ಯಾಕಕ್ಕಾ?"

"ರೆಪ್ಪೆನೇ ಬಡಿಯಲ್ವಲ್ಲೋ! ಆಟ ಶುರುವಾದಾಗ ತೆರೆದ ಕಣ್ಣು ಹಾಗೇ ಇದೆ. ಒಣಗಿ ಹೋಗುತ್ತೆ. ಒಣಗಿದ್ರೆ ಮಂಜು. ಮಂಜಾದ್ರೆ ಬಾವುಟ ಒಂದು ಎರಡಾಗಿ ಕಾಣುತ್ತೆ."

ಮಿಂಚಿಗೆ ಮೈ ಜುಮ್ಮೆಂದಿತು. ಪಂದ್ಯದ ಕೊನೆಯಲ್ಲಿ ತನಗೆ ಎರಡು ಬಾವುಟ ಕಾಣುವುದು ನಿಜ. ಆಟ ಮಾಡಿದವರ ಕುತಂತ್ರ ಎಂದು ಇಷ್ಟು ದಿನ ನಂಬಿಕೊಂಡಿದ್ದ.

"ಈಗೇನು ಮಾಡ್ಲಿ?"

"ಬಡಿಯೋದು ರೂಢಿ ಮಾಡ್ಕೊ. ಇವತ್ತೆಲ್ಲ ನೆನಪು ಮಾಡ್ಕೊಂಡು ಬಡಿ. ಗಟ್ಟಿಯಾಗಿ, ಪೂರ್ತಿ ಮುಚ್ಚಿ ತೆರಿ."

ಮಿಂಚು ಶ್ರದ್ಧೆಯಿಂದ ಶುರುಮಾಡಿದ. ಬೆಂಚಿನಲ್ಲಿ ಕೂತು ಗಾಜು ಅರೆಯುತ್ತ, ತಲೆನೋವಿಗೆ ಹುಬ್ಬು ಗಂಟಿಕ್ಕಿಕೊಂಡು, ಎರಡೂ ಕಣ್ಣು ಒತ್ತಿ ಮುಚ್ಚಿ ತೆರೆದ. ಆದರೆ ತಲೆನೋವು ಎಡಕ್ಕೆ ಹೆಚ್ಚಿದ್ದುದರಿಂದ ಎಡಗಣ್ಣು ಸರಿಯಾಗಿ ಮಾತು ಕೇಳುತ್ತಿರಲಿಲ್ಲ. ಬಲಗಣ್ಣು ಮಾತ್ರ ಚೆನ್ನಾಗಿ ಮುಚ್ಚಿ ತೆರೆಯುತ್ತಿತ್ತು. ಎದುರಿಗೆ ಹೊಸ ಕನ್ನಡಕಕ್ಕೆ ಕಾದು ಕೂತಿದ್ದ ನಡುವಯಸ್ಸಿನ ಹೆಂಗಸು ಮೊದಲು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಮಿಂಚು ಮತ್ತೆ ಬಡಿದ. ಆಕೆ ಎದ್ದು ನಿಂತಳು.

"ಏಯ್! ಯಾರಿಗೋ ಕಣ್ಣು ಹೊಡೀತಿರೋದು?"

"ಅಯ್ಯೋ, ಹೊಡೀತಿಲ್ಲಮ್ಮ, ಬಡೀತಿದ್ದೀನಿ!" ಎಂದ ಮಿಂಚು ಗಾಬರಿಯಲ್ಲಿ, ಇನ್ನೊಮ್ಮೆ ಬಡಿದು.

"ಬಡೀತೀಯಾ? ನನ್ನ ಬಡೀತೀಯಾ?"

ಅಂಗಡಿ ಸಂತೆಯಾಯಿತು. ಅಕ್ಷರಕ್ಕ ನಡುವೆ ಬಂದು, "ಇಲ್ಲಮ್ಮಾ, ನಾನೇ ಹೇಳಿಕೊಟ್ಟಿದ್ದು," ಎಂದಳು. ಅದರಿಂದ ವಿಷಯ ಇನ್ನೂ ಕೆಟ್ಟಿತು. ಒಳಗಿನ ಕೋಣೆಯಿಂದ ಯಜಮಾನ ಓಡಿಬಂದ. ಹೆಂಗಸಿಗೆ ಕೈಮುಗಿದು ಒಂದು ಕನ್ನಡಕದ ಡಬ್ಬಿ ಪುಕ್ಕಟೆ ಕೊಟ್ಟು ಕೂರಿಸಿ, ಮಿಂಚಿನ ಕಡೆ ತಿರುಗಿದ.

"ನೀನು ಹೋಗು. ಇವತ್ತಿಗೆ ಹೋಗು. ಸಂಜೆ ಪಂದ್ಯ ಗೆದ್ರೆ ಬರಲೇಬೇಡ, ಸೋತ್ರೆ ನಾಳೆ ಬಾ, ಮಾತಾಡ್ತೀನಿ."

ಹೀಗೆ ಅರ್ಧ ದಿನದ ರಜೆ ಕೇಳದೆಯೇ ಸಿಕ್ಕಿತು. ತನ್ನದೂ ತಪ್ಪಿದೆ ಎಂದು ಅಕ್ಷರಕ್ಕನೂ ಕೈಚೀಲ ತೆಗೆದುಕೊಂಡು ಜೊತೆಗೇ ಹೊರಟಳು. ನಿಜವಾಗಿ, ರೆಪ್ಪೆ ಬಡಿದರೆ ಬಾವುಟ ಒಂದೇ ಕಾಣುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕೆಂಬ ಆಸೆ ಅವಳಿಗೆ.

ಮಧ್ಯಾಹ್ನದ ಊಟಕ್ಕೆ ಹೆಂಡತಿ ಬೇಯಿಸಿದ ತರಕಾರಿ, ಸೌತೆಕಾಯಿ, ಒಂದು ಬಾಳೆಹಣ್ಣು ಇಟ್ಟಳು. "ಹೊಟ್ಟೆ ಭಾರ ಆದ್ರೆ ಕಣ್ಣು ಎಳೆಯುತ್ತೆ," ಎಂದಳು. ಮಿಂಚು ಸೌತೆಕಾಯಿಯನ್ನು ನೋಡಿದ. ಸೌತೆಕಾಯಿ ಮಿಂಚನ್ನು ನೋಡಿತು. ಇಬ್ಬರಿಗೂ ಪರಿಚಯವಿರಲಿಲ್ಲ. ತಿಂದು ಎದ್ದ ಮೇಲೆ ಮೇಷ್ಟ್ರು ಮಣಿಕಟ್ಟು ತಿರುಗಿಸುವುದು, ಕುತ್ತಿಗೆ ಹೊರಳಿಸುವುದು, ಬೆನ್ನು ನೆಟ್ಟಗಿಡುವುದು, ಉಸಿರು ನಿಧಾನವಾಗಿ ಬಿಡುವುದು ಹೇಳಿಕೊಟ್ಟರು. ಪ್ರತಿಯೊಂದರ ನಂತರವೂ ಪಟ್ಟಿ ಬೀಳಿಸಿ ನೋಡಿದರು. ಸಂಜೆ ಹತ್ತಿರವಾದಂತೆ ಪಟ್ಟಿ ಹಿಡಿಯುವ ಚುರುಕೇನೋ ಹೆಚ್ಚಿತು. ಆದರೆ ಬೆಳಗಿನ ಬಸ್ಕಿಗಳು ಈಗ ತೊಡೆಯಲ್ಲಿ ಎದ್ದು ಕೂತಿದ್ದವು. ಕೂರಬೇಕೆಂದರೆ ಮಿಂಚು ಎರಡೂ ಕೈ ಗೋಡೆಗೆ ಊರಿ, ಕ್ರೇನಿನಿಂದ ಪೆಟ್ಟಿಗೆ ಇಳಿಸುವಂತೆ ತನ್ನನ್ನು ತಾನೇ ಇಳಿಸಬೇಕಿತ್ತು.

ಪಂದ್ಯ ನಡೆಯುವುದು ದೊಡ್ಡ ಮಳಿಗೆಯೊಂದರ ಮೇಲಂತಸ್ತಿನ ಸಭಾಂಗಣದಲ್ಲಿ. ಲಿಫ್ಟಿನ ಬಾಗಿಲು ಪ್ರೀತಿಯಿಂದ ತೆರೆದುಕೊಂಡಿತು. ಮೇಷ್ಟ್ರು ಅದರ ಮುಂದೆ ಅಡ್ಡ ನಿಂತರು.

"ಮೆಟ್ಟಿಲು."

"ಮೇಷ್ಟ್ರೇ, ದಮ್ಮಯ್ಯ ಅಂತೀನಿ."

"ರಕ್ತ ಬಿಸಿ ಇರ್ಬೇಕು. ನಡಿ."

ಮೇಲೆ ತಲುಪಿದಾಗ ಮಿಂಚಿನ ರಕ್ತ ಬಿಸಿಯಾಗಿತ್ತು, ಉಳಿದದ್ದೆಲ್ಲ ತಣ್ಣಗಾಗಿತ್ತು. ಪಂದ್ಯಕ್ಕೆ ಇನ್ನೂ ಸಮಯವಿದೆ, ಹಿಂದಿನ ಪಂದ್ಯ ಮುಗಿದಿಲ್ಲ ಎಂದರು. ಕಾಯುವ ಕೋಣೆಯಲ್ಲಿ ಕುರ್ಚಿಗಳ ಸಾಲಿತ್ತು. ಮಿಂಚು ನಿಧಾನವಾಗಿ ತನ್ನನ್ನು ಇಳಿಸಿಕೊಂಡ. ಬೆಳಗಿನಿಂದ ನಡೆದ ದಾರಿ, ಹತ್ತಿದ ಮೆಟ್ಟಿಲು, ಕುಡಿಯದ ಕಾಫಿ ಎಲ್ಲ ಒಟ್ಟಾಗಿ ಬಂದು ಅವನ ಕಣ್ಣಿನ ಮೇಲೆ ಕೂತವು. ತಲೆ ಪಕ್ಕಕ್ಕೆ ವಾಲಿತು. ದೇಹ ಮೂರು ಕುರ್ಚಿಗಳ ಮೇಲೆ ಹರಡಿಕೊಂಡಿತು. ಗೊರಕೆ ಶುರುವಾಯಿತು.

"ಎಬ್ಸೋಣ್ವಾ? ಮೈ ತಣ್ಣಗಾಗುತ್ತೆ," ಎಂದರು ಮೇಷ್ಟ್ರು, ಸೀಟಿಗೆ ಕೈ ಹಾಕುತ್ತ.

ಹೆಂಡತಿ ನರ್ಸಿನ ದನಿ ತೆಗೆದಳು. ರೋಗಿಯ ಕಡೆಯವರು ಗುಂಪುಗೂಡಿದಾಗ ತೆಗೆಯುವ ದನಿ ಅದು. "ಯಾರಾದ್ರೂ ಮುಟ್ಟಿ ನೋಡೋಣ. ಈ ಮನುಷ್ಯ ಸರಿಯಾಗಿ ಮಲಗಿದ್ದು ಯಾವಾಗ ಅಂತ ನಂಗೇ ಮರೆತುಹೋಗಿದೆ."

ಮೇಷ್ಟ್ರು ಸೀಟಿ ಬಿಟ್ಟರು. ಮೂವರೂ ನಿದ್ದೆ ಮಾಡುವವನ ಸುತ್ತ ಕಾವಲು ನಿಂತರು.

ಧ್ವನಿವರ್ಧಕದಲ್ಲಿ ಹೆಸರು ಕೂಗಿದಾಗ ಮಿಂಚು ಕಣ್ಣು ಬಿಟ್ಟ. ಒಂದು ವಿಚಿತ್ರ ಗಮನಿಸಿದ. ತಲೆನೋವು ಇಲ್ಲ. ಕಿವಿಯಲ್ಲಿ ಸದಾ ಇರುತ್ತಿದ್ದ ಒಂದು ಸಣ್ಣ ಗುಂಯ್ ಇಲ್ಲ. ಎದುರಿನ ಗೋಡೆಯ ಮೇಲಿನ ಅಕ್ಷರಗಳು ಈಗ ತಾನೇ ತೊಳೆದಿಟ್ಟಂತೆ ಕಾಣುತ್ತಿವೆ. "ಏನಕ್ಕಾ, ಲೈಟು ಬದಲಾಯಿಸಿದ್ರಾ?" ಎಂದು ಅಕ್ಷರಕ್ಕನನ್ನು ಕೇಳಿದ.

"ಲೈಟು ಅಲ್ಲ ಕಣೋ, ನಿನ್ನ ಕಣ್ಣು ಬದಲಾಗಿದೆ," ಎಂದಳು ಆಕೆ.

ವೇದಿಕೆಯ ಮೇಲೆ ಗೂಬೆ ಆಗಲೇ ಕೂತಿದ್ದ. ಅವನನ್ನು ಕಂಡು ಮಿಂಚಿಗೆ ಭಯವಾಗಬೇಕಿತ್ತು, ಬದಲಿಗೆ ಪಾಪ ಎನ್ನಿಸಿತು. ಕಡ್ಡಿಯಂತಹ ಯುವಕ. ಕಣ್ಣು ಕೆಂಡ. ಬೆನ್ನು ಪ್ರಶ್ನೆ ಚಿಹ್ನೆ. ಮಣಿಕಟ್ಟಿಗೆ ಬಟ್ಟೆಯ ಪಟ್ಟಿ. ಮೇಜಿನ ಮೇಲೆ ಖಾಲಿ ಪಾನೀಯದ ಡಬ್ಬಿಗಳು, ಕುರುಕಲು ತಿಂಡಿಯ ಪೊಟ್ಟಣಗಳು. ಆಕಳಿಸಿದರೆ ಬಾಯಿ ಮುಚ್ಚಲು ಮರೆಯುತ್ತಿದ್ದ.

"ಅಜ್ಜಾ, ಕೋಲೆಲ್ಲಿ?" ಎಂದ ಗೂಬೆ, ಆಕಳಿಕೆಯ ನಡುವೆ.

"ಊಟ ಮಾಡಿದ್ಯೇನಪ್ಪಾ?" ಎಂದ ಮಿಂಚು. ಗೂಬೆಗೆ ಆ ಪ್ರಶ್ನೆಯನ್ನು ಬಹಳ ದಿನದಿಂದ ಯಾರೂ ಕೇಳಿರಲಿಲ್ಲವೇನೋ, ಖಾಲಿ ಪೊಟ್ಟಣದೊಳಗೆ ಇಣುಕಿ ನೋಡಿದ.

ಮೊದಲ ಸುತ್ತು ಗೂಬೆಗೆ ಹೋಯಿತು. ಮಿಂಚಿನ ದೋಷ ಬೆರಳಲ್ಲಿರಲಿಲ್ಲ, ಚೊಂಬಿನಲ್ಲಿತ್ತು. ಬೆಳಗಿನಿಂದ ಕುಡಿದ ನೀರು ದಾರಿ ಕೇಳುತ್ತಿತ್ತು. ಸುತ್ತು ಮುಗಿದದ್ದೇ ತಡ, ಮಿಂಚು ವೇದಿಕೆಯಿಂದ ನಿಜವಾದ ಮಿಂಚಿನಂತೆ ಮಾಯವಾದ. ತೊಡೆನೋವಿಗೆ ಕುಂಟುತ್ತ ಓಡುವ ಅವನನ್ನು ನೋಡಿ ಪ್ರೇಕ್ಷಕರು ಸೋಲಿಗೆ ಹೆದರಿ ಓಡಿದ ಎಂದುಕೊಂಡರು. ಹಿಂದಿರುಗಿ ಬಂದವನ ಮುಖದಲ್ಲಿ ಮಾತ್ರ ಅಪಾರ ಶಾಂತಿ.

ಎರಡನೆಯ ಸುತ್ತಿನಲ್ಲಿ ಮಿಂಚಿಗೆ ತಾನು ಬೇರೆ ಯಾರದೋ ಕೈ ಹಾಕಿಕೊಂಡು ಬಂದಂತೆ ಅನ್ನಿಸಿತು. ಗೂಬೆ ಮಹಡಿಯ ಮೂಲೆಯಲ್ಲಿ ತಿರುಗುವ ಮುನ್ನವೇ ಬೆರಳಿಗೆ ಗೊತ್ತಾಗುತ್ತಿತ್ತು. ಪರದೆಯ ಅಂಚುಗಳು ಕಾಣುತ್ತಿದ್ದವು. ಎಷ್ಟೋ ದಿನದಿಂದ ನಡುಭಾಗವನ್ನಷ್ಟೇ ನೋಡಿಕೊಂಡು ಆಡುತ್ತಿದ್ದೆನಲ್ಲ ಎಂದು ಆಡುವಾಗಲೇ ಬೆರಗಾಯಿತು. ಆ ಸುತ್ತು ಗೆದ್ದ.

ಕೊನೆಯ ಸುತ್ತು ಕೊನೆಯ ಬಾವುಟದ ತನಕ ಸಮಸಮವಾಗಿ ನಡೆಯಿತು. ಇಬ್ಬರೂ ಒಂದೇ ಮಹಡಿಯ ಮೇಲೆ, ನಡುವೆ ಬಾವುಟ. ಸಭಾಂಗಣ ಉಸಿರು ಬಿಗಿಹಿಡಿಯಿತು. ಮಿಂಚು ಉಸಿರು ಬಿಟ್ಟ, ನಿಧಾನವಾಗಿ, ಮೇಷ್ಟ್ರು ಹೇಳಿದಂತೆ. ರೆಪ್ಪೆ ಬಡಿದ, ಅಕ್ಷರಕ್ಕ ಹೇಳಿದಂತೆ. ಅದೇ ಹೊತ್ತಿಗೆ ಎದುರಿನವನ ಒಣಗಿದ ಕಣ್ಣಿನಿಂದ ನೀರು ಸುರಿಯಿತು. ಗೂಬೆ ತೋಳಿನಿಂದ ಕಣ್ಣೊರೆಸಿಕೊಂಡ. ಒರೆಸಿ ಮುಗಿಯುವಷ್ಟರಲ್ಲಿ ಬಾವುಟ ಮಿಂಚಿನ ಕೋಟೆಯ ಮೇಲೆ ಹಾರುತ್ತಿತ್ತು.

ಮೇಷ್ಟ್ರ ಸೀಟಿ ಸಭಾಂಗಣದ ಸೂರನ್ನು ಎತ್ತಿತು. ಹೆಂಡತಿ ವೇದಿಕೆಗೇ ಓಡಿಬಂದು ಎಲ್ಲರ ಎದುರೂ ಗಂಡನ ಕೆನ್ನೆ ಹಿಂಡಿದಳು. "ಬಾವುಟ ಒಂದೇ ಕಾಣ್ತಾ? ಒಂದೇ ಕಾಣ್ತಾ?" ಎಂದು ಅಕ್ಷರಕ್ಕ ಕೂಗುತ್ತಿದ್ದಳು.

ಕಪ್ಪು ಕೈಗೆ ಬಂತು. ವ್ಯವಸ್ಥಾಪಕಿಯೂ ಬಂದಳು. ಚುಟುಕು ಮಾತಿನ, ಗಟ್ಟಿ ಕೈಕುಲುಕಿನ ಹೆಂಗಸು.

"ಅದ್ಭುತ ಆಟ. ಈ ವಯಸ್ಸಿನಲ್ಲಿ ಇಷ್ಟು ಸ್ಥಿರವಾದ ಕೈ ನಾನು ನೋಡಿರ್ಲಿಲ್ಲ. ಹೇಗೆ ತಯಾರಾದ್ರಿ?"

ಮಿಂಚು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದೆ ಉಬ್ಬಿಸಿ ಮುಂದೆ ಬಂದರು. "ನನ್ನ ಕೈಯಲ್ಲಿ ತಯಾರಾದವನು ಮೇಡಂ. ಬಸ್ಕಿ, ಮೆಟ್ಟಿಲು, ನಡಿಗೆ. ಲಿಫ್ಟ್ ಮುಟ್ಟಲ್ಲ."

"ಕಾಫಿ ಮುಟ್ಟಲ್ಲ," ಎಂದಳು ಹೆಂಡತಿ ಹೆಮ್ಮೆಯಿಂದ. "ಹಣ್ಣು, ತರಕಾರಿ, ನೀರು. ಮಲಗಿದ್ರೆ ಮಗು ಥರ ನಿದ್ದೆ."

"ಕಣ್ಣಿನ ಜವಾಬ್ದಾರಿ ನಂದು," ಎಂದಳು ಅಕ್ಷರಕ್ಕ.

ವ್ಯವಸ್ಥಾಪಕಿ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ವೇದಿಕೆಯ ಇನ್ನೊಂದು ಬದಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ ಗೂಬೆಯನ್ನು ತೋರಿಸಿದಳು.

"ನಾವು ಅವನನ್ನ ತಗೋತಿದ್ದೀವಿ."

ಮಿಂಚಿಗೆ ಕೇಳಿಸಿತು, ಅರ್ಥವಾಗಲಿಲ್ಲ. "ಅವನು... ಸೋತವನಲ್ವಾ ಮೇಡಂ?"

"ಹೌದು. ನಿದ್ದೆ ಇಲ್ಲ, ಊಟ ಇಲ್ಲ, ಬೆನ್ನು ಬಾಗಿದೆ, ಕೈಗೆ ಪಟ್ಟಿ ಕಟ್ಟಿದ್ದಾನೆ, ಕಣ್ಣಲ್ಲಿ ನೀರು. ಅಷ್ಟೆಲ್ಲ ಇದ್ದೂ ಒಂದೇ ಬಾವುಟದಲ್ಲಿ ಸೋತ. ನೀವು ಇಷ್ಟೆಲ್ಲ ಆರೋಗ್ಯ ಕಾಪಾಡ್ಕೊಂಡು, ಒಂದೇ ಬಾವುಟದಲ್ಲಿ ಗೆದ್ರಿ. ನೀವು ತಲುಪಬೇಕಾದ ಕಡೆ ತಲುಪಿದ್ದೀರಿ. ಅವನನ್ನ ಸ್ವಲ್ಪ ಸರಿಮಾಡಿದ್ರೆ ಎಲ್ಲಿಗೆ ಮುಟ್ಟಬಹುದು, ಯೋಚ್ನೆ ಮಾಡಿ!"

ಮಿಂಚು ಯೋಚಿಸಿದ. ಯೋಚಿಸಿದಷ್ಟೂ ಆ ಮಾತು ಸರಿಯೆನ್ನಿಸಿ ಇನ್ನಷ್ಟು ಹೊಟ್ಟೆ ಉರಿಯಿತು.

"ಮೇಡಂ, ನಾನೂ ಕೆಟ್ಟವನೇ!" ಎಂದು ಅಂಗಲಾಚಿದ. "ದೇವರಾಣೆಗೂ ನನ್ನ ಆರೋಗ್ಯ ಹಾಳು! ಇದೆಲ್ಲ ಇವತ್ತು ಬೆಳಗ್ಗೆ ಶುರುವಾಗಿದ್ದು. ನಿನ್ನೆ ತನಕ ನಾನು ನಡೆದೇ ಇಲ್ಲ! ಈ ಹೊಟ್ಟೆ ನೋಡಿ, ಹೊಟ್ಟೆ!"

"ಅಷ್ಟು ಹೊಟ್ಟೆ ಇಟ್ಕೊಂಡೂ ಇಷ್ಟು ಚುರುಕು ಅಂದ್ರೆ, ಸಾಧನೆ ಎಷ್ಟು ವರ್ಷದ್ದಿರ್ಬೇಕು!" ಎಂದಳು ವ್ಯವಸ್ಥಾಪಕಿ ಮೆಚ್ಚುಗೆಯಿಂದ.

"ಮೇಷ್ಟ್ರೇ, ನೀವಾದ್ರೂ ಹೇಳಿ, ಒಂದೇ ದಿನ ಅಂತ!"

ಮೇಷ್ಟ್ರು ಕೆಮ್ಮಿದರು. ಬೆಳಗಿನಿಂದ ಅವರ ವಯಸ್ಸಿನಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಒಂದು ದಿನ ಎಂದರೆ ಆ ಹತ್ತು ವರ್ಷ ವಾಪಸು ಬರುತ್ತಿತ್ತು. "ಅದು ಅವನ ವಿನಯ ಮೇಡಂ," ಎಂದರು. "ಹುಡುಗ ಮೊದಲಿಂದ್ಲೂ ಹಾಗೇ."

ಮಿಂಚು ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಗೂಬೆಯ ಮೇಜಿನ ಬಳಿ ನಿಂತಿದ್ದಳು. ಮಲಗಿದವನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು. "ಇವನಿಗೆ ಜ್ವರ ಇದೆ ಮೇಡಂ. ಯಾರಿದ್ದಾರೆ ಇವನಿಗೆ? ಹೀಗಿಟ್ಕೊಂಡ್ರೆ ಏನಾಗ್ಬೇಕು?"

ವ್ಯವಸ್ಥಾಪಕಿ ಅವಳನ್ನೂ, ಮೇಷ್ಟ್ರನ್ನೂ, ಅಕ್ಷರಕ್ಕನನ್ನೂ ಒಬ್ಬೊಬ್ಬರಾಗಿ ನೋಡಿದಳು. "ಇವನನ್ನ ಸರಿಮಾಡೋಕೆ ಜನ ಬೇಕಿತ್ತು ನನಗೆ. ಹುಡುಕ್ತಾ ಇದ್ದೆ. ನೀವು ಮೂವರೂ ಬರ್ತೀರಾ? ಹಗಲು ಹೊತ್ತಿನ ಕೆಲಸ. ತಂಡದ ಮನೆ ಈಗ್ಲೇ ತೋರಿಸ್ತೀನಿ."

ಹಗಲು ಎಂಬ ಮಾತು ಕೇಳಿ ಹೆಂಡತಿಯ ಕಣ್ಣು ತುಂಬಿತು. ಮೇಷ್ಟ್ರು ಸೀಟಿಯನ್ನು ಅಂಗಿಯ ತುದಿಯಿಂದ ಒರೆಸಿ ಒರೆಸಿ ಹೊಳೆಯಿಸಿದರು. ಅದನ್ನು ಕಂಡ ಮೇಲೆ ಮಿಂಚಿಗೆ ಜಗಳವಾಡುವ ಮನಸ್ಸೂ ಬರಲಿಲ್ಲ.

ಹೊರಗೆ ತಂಡದ ವ್ಯಾನು ನಿಂತಿತ್ತು. ಹಿಂದಿನ ಉದ್ದನೆಯ ಸೀಟಿನಲ್ಲಿ ಗೂಬೆಯನ್ನು ಮಲಗಿಸಿ ಹೊದಿಸಿದರು. ಉಳಿದ ಜಾಗದಲ್ಲಿ ಹೆಂಡತಿ, ಅಕ್ಷರಕ್ಕ, ಮೇಷ್ಟ್ರು. ಮುಂದೆ ವ್ಯವಸ್ಥಾಪಕಿ. ಕಪ್ಪನ್ನು ಮಗುವಿನಂತೆ ಎತ್ತಿಕೊಂಡು ಮಿಂಚು ಕಿಟಕಿಯ ಬಳಿ ಬಗ್ಗಿದ.

"ಮೇಡಂ, ಕೊನೇದಾಗಿ ಒಂದು ಪ್ರಶ್ನೆ. ನಾಳೆಯಿಂದ ನಾನೂ ಆರೋಗ್ಯ ಕೆಡಿಸ್ಕೊಂಡ್ರೆ, ಮುಂದಿನ ವರ್ಷ ನನ್ನ ತಗೋತೀರಾ?"

ವ್ಯವಸ್ಥಾಪಕಿ ಪ್ರಶ್ನೆಯನ್ನು ಗಂಭೀರವಾಗಿಯೇ ತೂಗಿ ನೋಡಿದಳು. "ಕೆಡಿಸ್ಕೊಂಡ ಮೇಲೂ ಗೆದ್ರೆ, ಖಂಡಿತ ಬನ್ನಿ."

"ರೀ, ಹುಚ್ಚುಗಿಚ್ಚು ಹಿಡೀತಾ?" ಎಂದಳು ಹೆಂಡತಿ ಒಳಗಿನಿಂದ. "ಮನೆಗೆ ಹೋಗಿ ನೀರು ಕುಡಿದು ಮಲಗಿ. ನಾಳೆ ಅಂಗಡಿಗೆ ಬೇಗ ಹೋಗ್ಬೇಕಲ್ಲ, ನಿಮ್ಮ ಯಜಮಾನ್ರು ಕಾಯ್ತಿರ್ತಾರೆ."

"ನನಗೂ ಸ್ವಲ್ಪ ಜಾಗ ಮಾಡ್ಕೊಡಿ," ಎಂದ ಮಿಂಚು. " ತೊಡೆ ಎತ್ತೋಕಾಗ್ತಿಲ್ಲ."

ವ್ಯಾನು ಹೊರಟಿತು. ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, ಮೊದಲು ಒಂದು ಸಲ ಸೀಟಿ ಊದಿ, ಆಮೇಲೆ ಬೀದಿಯೆಲ್ಲ ಕೇಳುವಂತೆ ಕೂಗಿದರು:

"ನಡ್ಕೊಂಡೇ ಹೋಗಯ್ಯಾ! ಬೆನ್ನು ನೆಟ್ಟಗೆ!"